ಎತ್ತರದಿಂದ ನೋಡುವ ಕಣ್ಣು
(ಮತ್ತಾಯ 4 : 8, ಲೂಕ 19 : 41)

ತೈವಾನ್ ದ್ವೀಪದಲ್ಲಿ ಚಿ ಪೋ-ಲಿನ್ ಎಂಬ ಒಬ್ಬ ಸರಕಾರೀ ಉದ್ಯೋಗಸ್ಥನಿದ್ದನು. ತನ್ನ ದೇಶವನ್ನು ಆಕಾಶದಿಂದ ಜನರಿಗೆ ತೋರಿಸಬೇಕೆಂದು ಅವನು ಉದ್ಯೋಗವನ್ನು ಬಿಟ್ಟು, ಮನೆಯನ್ನು ಅಡವಿಟ್ಟು, ಹೆಲಿಕಾಪ್ಟರಿನಲ್ಲಿ ಹಾರಾಡಿ ಒಂದು ಚಲನಚಿತ್ರವನ್ನು ತೆಗೆದನು. ಅದು 2013ರಲ್ಲಿ ಪ್ರಕಟವಾಯಿತು.

ಮೋಡಗಳ ಮೇಲೆ ತಲೆಯೆತ್ತಿದ ಪರ್ವತಗಳೂ ಹಸುರು ಗದ್ದೆಗಳೂ ಸಮುದ್ರತೀರವೂ ಅದರಲ್ಲಿ ಕಾಣುವವು; ನೋಡುವವರ ಮನಸ್ಸು ಹಿಗ್ಗುವದು. ಆದರೆ ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಅಗೆದ ಬೆಟ್ಟಗಳನ್ನೂ ಕುಸಿದ ಇಳಿಜಾರುಗಳನ್ನೂ ಕಾರ್ಖಾನೆಯ ಕೊಳೆಯಿಂದ ಬಣ್ಣಗೆಟ್ಟ ಹೊಳೆಯನ್ನೂ ತೋರಿಸಿದನು. 2017ರ ಜೂನ್ 10ರಂದು ಎರಡನೆಯ ಚಿತ್ರಕ್ಕಾಗಿ ಹಾರುತ್ತಿರುವಾಗ ಹೆಲಿಕಾಪ್ಟರು ಬಿದ್ದು, ಅವನೂ ಸಂಗಡವಿದ್ದ ಇಬ್ಬರೂ ಮೃತಪಟ್ಟರು.

ಎತ್ತರದಿಂದ ನೋಡುವದರಲ್ಲಿ ಎರಡು ವಿಧಗಳುಂಟು. ಶೋಧಕನು ಕರ್ತನನ್ನು ಬೆಟ್ಟದ ಮೇಲೆ ನಿಲ್ಲಿಸಿ ರಾಜ್ಯಗಳ ವೈಭವವನ್ನು ತೋರಿಸಿದನು, ಅವುಗಳ ಗಾಯಗಳನ್ನು ತೋರಿಸಲಿಲ್ಲ. ಕರ್ತನಾದರೋ ಎಣ್ಣೇಮರಗಳ ಗುಡ್ಡವನ್ನು ಇಳಿಯುತ್ತಾ ಯೆರೂಸಲೇಮನ್ನು ಕಂಡು, ಅದಕ್ಕೆ ಬರಲಿರುವ ನಾಶನವನ್ನು ನೆನಸಿ ಕಣ್ಣೀರಿಟ್ಟನು. ಪ್ರೀತಿಸುವವನ ಕಣ್ಣು ಇಂಥದು.

ನಮ್ಮ ನಾಡು ಚೆಂದವೆಂದು ಹೊಗಳುವದು ಸುಲಭ. ಅದರ ಹೊಳೆಗೆ ಕೊಳೆ ಸುರಿದ ಕೈ ನಮ್ಮದೇ ಎಂದು ಒಪ್ಪಿಕೊಳ್ಳುವದು ಕಷ್ಟ. ಆದಕಾರಣ ಪ್ರಿಯರೇ, ನಿಮ್ಮ ಊರ ಗುಡ್ಡವನ್ನೇರಿ ಕೆಳಗೆ ನೋಡಿರಿ. ಸೊಬಗಿಗಾಗಿ ದೇವರನ್ನು ಸ್ತುತಿಸಿರಿ. ಕೆಟ್ಟಿರುವದಕ್ಕಾಗಿ ದುಃಖಪಡಿರಿ. ಬಳಿಕ ಇಳಿದು ಬಂದು, ನೀವು ಕೆಡಿಸಿದ್ದನ್ನು ನಿಮ್ಮ ಕೈಯಿಂದಲೇ ಸರಿಪಡಿಸಿರಿ. ಮಾನಸಾಂತರಕ್ಕೆ ತಕ್ಕ ಫಲವು ಇದೇ. ಆಮೆನ್.