ಮನೆ ಮಾರಾಟವೂ ಶರತ್ಕಾಲದ ಋಣವೂ

ಉಡುಪಿ ಜಿಲ್ಲೆಯ ಶಂಕರಪುರ, ಇನ್ನಂಜೆ, ಕಾಪು ಕಡೆಯಲ್ಲಿ ಮನೆ ಮಾರಾಟದ ಮಾತು ಭಾದ್ರಪದ ಹುಣ್ಣಿಮೆ ಕಳೆದು ಪಿತೃಪಕ್ಷ ಹಿಡಿದದ್ದೇ ತಣ್ಣಗಾಗುವುದುಂಟು. ಬೆಲೆ ಕುದುರಿ ಮುಂಗಡ ಕೈಸೇರಿದ್ದರೂ ನೋಂದಣಿ ಮಾತ್ರ ಮಹಾಲಯ ಅಮಾವಾಸ್ಯೆ ದಾಟಬೇಕು. ನವರಾತ್ರಿಯಲ್ಲೋ ದೀಪಾವಳಿ ಕಳೆದೋ ಆದರೆ ಒಳ್ಳೆಯದು ಎನ್ನುತ್ತಾರೆ. ಇದು ಬರೀ ಜ್ಯೋತಿಷದ ಅಂಜಿಕೆ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಈ ಹಿಂಜರಿಕೆಯ ಬುಡದಲ್ಲಿ ಗಟ್ಟಿಯಾದ ಪ್ರಶ್ನೆಯೊಂದಿದೆ: ಮನೆ ಕೈದಾಟಿದಾಗ ಅದರ ಮೇಲಿನ ಋಣವೂ ಕೈದಾಟುತ್ತದೆಯೇ?

ಮುಹೂರ್ತಶಾಸ್ತ್ರದಿಂದ ಇದಕ್ಕೆ ಹೆಚ್ಚಿನ ನೆರವು ಸಿಗದು. ಪಂಚಾಂಗಗಳು ಗೃಹಾರಂಭಕ್ಕೂ ಗೃಹಪ್ರವೇಶಕ್ಕೂ ದಿನ ಹೇಳುತ್ತವೆ. ಮನೆ ಬಿಟ್ಟುಕೊಡುವುದಕ್ಕೆ ಸಂಸ್ಕಾರವೇ ಇಲ್ಲ. ರಾಮ ದೈವಜ್ಞನ ‘ಮುಹೂರ್ತಚಿಂತಾಮಣಿ’ಯಲ್ಲಿ ಕ್ರಯವಿಕ್ರಯದ ಮಾತು ಬರುತ್ತದೆ ನಿಜ. ಅಲ್ಲಿನ ವಿಧಿಯ ಪ್ರಕಾರ ಕೊಳ್ಳಲು ಒಳ್ಳೆಯದಾದ ನಕ್ಷತ್ರ ಮಾರಲು ಆಗದು, ಮಾರಲು ಒಳ್ಳೆಯದು ಕೊಳ್ಳಲು ಆಗದು. ಒಂದೇ ಕ್ರಯಪತ್ರಕ್ಕೆ ಇಬ್ಬರೂ ಒಂದೇ ಮೇಜಿನ ಮುಂದೆ ರುಜು ಹಾಕುವ ಕಾಲದಲ್ಲಿ ಇದನ್ನು ಅಕ್ಷರಶಃ ಪಾಲಿಸ ಹೊರಟರೆ ಊರಲ್ಲಿ ಒಂದು ಮನೆಯೂ ಮಾರಾಟವಾಗದು.

ಪಿತೃಪಕ್ಷದ ತಡೆಗೆ ನಿಜವಾದ ಆಧಾರ ಇರುವುದು ಶ್ರಾದ್ಧದ ನಿಯಮದಲ್ಲಿ. ಪರರ ನೆಲದಲ್ಲಿ ಮಾಡಿದ ಶ್ರಾದ್ಧ ಆ ನೆಲದ ಒಡೆಯನ ಪಿತೃಗಳಿಂದ ಕೆಡುತ್ತದೆ ಎಂದು ಧರ್ಮಶಾಸ್ತ್ರ ಹೇಳುತ್ತದೆ. ಕಾಡು, ಬೆಟ್ಟ, ನದೀತೀರ, ತೀರ್ಥಕ್ಷೇತ್ರಗಳಿಗೆ ಒಡೆಯನಿಲ್ಲ, ಅಲ್ಲಿ ಮಾಡಬಹುದು. ಬೇರೆಡೆಯಾದರೆ ನೆಲದವನಿಗೆ ಏನಾದರೂ ಕೊಟ್ಟು ಮಾಡಬೇಕು. ಪಕ್ಷದ ನಡುವೆ ಕ್ರಯಪತ್ರ ಆದರೆ, ಅಪ್ಪ ಅಜ್ಜಂದಿರಿಗೆ ಪಿಂಡ ಇಡುತ್ತಿದ್ದ ಅದೇ ಜಗಲಿ ಅಮಾವಾಸ್ಯೆಯ ಹೊತ್ತಿಗೆ ಪರರದಾಗಿರುತ್ತದೆ. ಹಾಗಾಗಿ ಇಲ್ಲಿ ಕೆಟ್ಟದ್ದು ದಿನವಲ್ಲ. ಆ ವರ್ಷದ ಒಂದು ಕೆಲಸ ಬಾಕಿ ಇದೆ, ಅಷ್ಟೆ. ಅದನ್ನು ಮೊದಲೇ ಮುಗಿಸಿದವನಿಗೆ ಈ ವಾದದಂತೆ ಮಾರಲು ಅಡ್ಡಿಯಿಲ್ಲ. ಆಟಿ ತಿಂಗಳಲ್ಲೂ ದೀಪಾವಳಿಯಲ್ಲೂ ಕುಲೆಗಳಿಗೆ, ಎಂದರೆ ಸತ್ತ ಹಿರಿಯರಿಗೆ, ಎಲೆ ಹಾಕಿ ಬಡಿಸುವ ತುಳುವ ಮನೆಗಳಲ್ಲಿ ಚಿಂತೆ ಇನ್ನೂ ನೇರವಾದದ್ದು: ಸತ್ತವರು ಬರುವುದು ಮಕ್ಕಳಿರುವಲ್ಲಿಗೋ, ತಾವು ಬದುಕಿದ ಮನೆಗೋ?

ಮಾರಾಟದ ಬಗ್ಗೆಯೇ ಆಳವಾಗಿ ಯೋಚಿಸಿದ ಗ್ರಂಥ ಕನ್ನಡ ನೆಲದ್ದು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’ ಸ್ಥಿರಾಸ್ತಿ ಮಾರಾಟವನ್ನು ಒಲ್ಲದ ಸ್ಮೃತಿವಚನವನ್ನು ಎತ್ತಿಕೊಂಡು ಚರ್ಚಿಸುತ್ತದೆ. ಮಾರಲೇಬೇಕಾದರೆ ಚಿನ್ನವನ್ನೂ ನೀರನ್ನೂ ಕೊಟ್ಟು, ದಾನದ ರೂಪದಲ್ಲಿ ಮಾಡಬೇಕು ಎಂಬುದು ಅಲ್ಲಿನ ತೀರ್ಮಾನ. ಊರವರ, ದಾಯಾದಿಗಳ, ನೆರೆಯವರ ಒಪ್ಪಿಗೆ ಏಕೆ ಎಂಬುದಕ್ಕೆ ವಿಜ್ಞಾನೇಶ್ವರ ಕೊಡುವ ಕಾರಣಗಳು ತೀರಾ ಲೌಕಿಕ. ಊರವರದು ವಿಷಯ ಬಹಿರಂಗವಾಗಲೆಂದು, ನೆರೆಯವರದು ಗಡಿ ತಕರಾರು ಏಳದಿರಲೆಂದು. ಪಾಲಾಗಿ ಹೋದ ದಾಯಾದಿಗಳದು ಮುಂದೆ ಪಾಲಿನ ಬಗ್ಗೆ ಸಂಶಯ ಬಾರದಿರಲೆಂದು. ಅವರ ಒಪ್ಪಿಗೆ ಇಲ್ಲದೆ ಮಾರಾಟ ಬೀಳುತ್ತದೆ ಎಂದಲ್ಲ. ಈಗ ವಕೀಲರು ಪತ್ರಿಕೆಯಲ್ಲಿ ಹಾಕಿಸುವ ಸಾರ್ವಜನಿಕ ಪ್ರಕಟಣೆಯ ಕೆಲಸವೂ ಇದೇ. ಆದರೆ ದಾನದ ರೂಪ ಏಕೆ ಎಂಬುದು ಲೌಕಿಕ ಕಾರಣಗಳಿಗೆ ಸಿಗುವ ವಿಷಯವಲ್ಲ. ದುಡ್ಡಿಗೆ ಸಮನಾದ ವಸ್ತುವಲ್ಲ ನೆಲ ಎಂಬ ಭಾವನೆ ಅದರ ಹಿಂದಿರುವಂತೆ ಕಾಣುತ್ತದೆ.

ಹಾಗೆ ಧಾರೆ ಎರೆದು ಕೊಟ್ಟರೂ ನಂಟು ಹರಿಯುತ್ತದೆಯೇ ಎಂಬುದಕ್ಕೆ ತುಳುನಾಡಿನ ದೀಪಾವಳಿ ಬೇರೆಯೇ ಉತ್ತರ ಕೊಡುತ್ತದೆ. ಬಲಿ ಚಕ್ರವರ್ತಿ ನೀರು ಬಿಟ್ಟು ಭೂಮಿಯನ್ನು ಕೊಟ್ಟವನು. ಅದಕ್ಕಿಂತ ಪೂರ್ಣವಾದ ಹಸ್ತಾಂತರ ಪುರಾಣದಲ್ಲಿ ಸಿಗುವುದು ಕಷ್ಟ. ಆದರೂ ವರ್ಷಕ್ಕೊಮ್ಮೆ ತನ್ನ ನೆಲವನ್ನು ನೋಡಲು ಬರುವ ಹಕ್ಕು ಅವನಿಗೆ ಉಳಿಯಿತು. ಅಂಗಳದಲ್ಲಿ ಮರ ನೆಟ್ಟು ದೀಪ ಇಟ್ಟು, ಗದ್ದೆಯ ಬದುವಿನಲ್ಲಿ ನಿಂತು ‘ಬಲೀಂದ್ರ’ನನ್ನು ಕೂಗಿ ಕರೆಯುವ ಒಕ್ಕಲಿಗ ಈಗಿನ ಒಡೆಯ, ಬರುವವನು ಹಿಂದಿನ ಒಡೆಯ.

ದೈವ ಮತ್ತು ನಾಗನ ವಿಚಾರದಲ್ಲಿ ಇದು ಕಥೆಯಾಗಿ ಉಳಿಯದೆ ವ್ಯವಹಾರವೇ ಆಗುತ್ತದೆ. ನಾಗ ನೆಲಕ್ಕೆ ಸೇರಿದವನು. ಜಾಗ ಮಾರಿ ತಲೆಮಾರು ಕಳೆದ ಕುಟುಂಬವೂ ನಾಗರಪಂಚಮಿಗೆ ಮೂಲ ನಾಗಬನಕ್ಕೇ ತನು (ಹಾಲು, ಎಳನೀರು) ಹಾಕಲು ಬರುತ್ತದೆ. ಕುಟುಂಬದ ದೈವ ಹಾಗಲ್ಲ, ಪ್ರಶ್ನೆ ಇಡಿಸಿ ಬೇರೆ ಕಡೆ ಪ್ರತಿಷ್ಠೆ ಮಾಡುವುದುಂಟು. ಜಾಗದ ದೈವವಾದರೆ ಕೊಂಡವನೇ ನಂಬಿಕೊಂಡು ಬರಬೇಕು. ಕೊಂಡವರು ಕ್ರೈಸ್ತರೋ ಮುಸ್ಲಿಮರೋ ಆದಾಗಲೂ ದೈವದ ಸೇವೆಯಾದ ನೇಮಕ್ಕೆ ಎಣ್ಣೆ, ತೆಂಗಿನಕಾಯಿ ಕೊಟ್ಟು ನಡೆಸಿಕೊಂಡು ಬಂದ ಉದಾಹರಣೆಗಳಿವೆ. ಶರತ್ಕಾಲದ ಮಾರಾಟಕ್ಕೆ ಇಲ್ಲಿ ಇನ್ನೊಂದು ತೊಡಕು: ಬೇಸಿಗೆಯ ಕೊನೆಗೆ ಬರುವ ಪತ್ತನಾಜೆಯಿಂದ ದೀಪಾವಳಿಯ ತನಕ ನೇಮ ಕೋಲಗಳಿಲ್ಲ, ಹಾಗಾಗಿ ನೇಮದಲ್ಲೇ ದೈವದ ನುಡಿ ಕೇಳಿ ಅಪ್ಪಣೆ ಪಡೆಯಬೇಕೆನ್ನುವವರು ಕಾಯಲೇಬೇಕು.

ಹಿಂದೆ ಈ ಪ್ರಶ್ನೆ ಇಷ್ಟು ಏಳುತ್ತಿರಲಿಲ್ಲ. ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಇಡೀ ಕುಟುಂಬದ್ದು. ಯಜಮಾನ ತನ್ನಿಷ್ಟಕ್ಕೆ ಮಾರುವಂತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಎಂದರೆ ಕುಟುಂಬದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. 1974ರ ಭೂಸುಧಾರಣೆಯಿಂದ ಗೇಣಿಯ ನೆಲ ಒಕ್ಕಲಿಗರದಾಯಿತು. ನೆಲ ಒಬ್ಬರದು, ಅಲ್ಲಿನ ಬನಕ್ಕೆ ನಡೆದುಕೊಳ್ಳುವ ಕುಟುಂಬ ಇನ್ನೊಂದು ಎಂಬ ಸ್ಥಿತಿ ಎಷ್ಟೋ ಕಡೆ ಬಂದದ್ದು ಹೀಗೆ.

ಶಂಕರಪುರದ ಮನೆಯೆಂದರೆ ಹೆಚ್ಚಾಗಿ ಅಂಗಳದ ಮಲ್ಲಿಗೆ ಗಿಡಗಳೂ ಸೇರಿದ್ದು. ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಿ, ಚೆಂಡು, ಅಟ್ಟೆ ಲೆಕ್ಕದಲ್ಲಿ ಕೊಡುವ ಈ ಹೂವು ಎಷ್ಟೋ ಮನೆಗಳ ಹೆಂಗಸರ ಸ್ವಂತ ಸಂಪಾದನೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ಬೇರೂರಿದ ಗಿಡ ನೆಲದೊಂದಿಗೇ ಹೋಗುತ್ತದೆ. ಒಡೆತನ ದಾಟುವ ತನಕದ ಹುಟ್ಟುವಳಿ ಮಾರುವವರದು. ಹಾಗೆಂದರೆ ನೋಂದಣಿಯ ದಿನ ಬೆಳಿಗ್ಗೆ ಕೊಯ್ದ ಮೊಗ್ಗು ಹಳೆಯ ಮನೆಯವರದು, ಮರುದಿನದ್ದು ಹೊಸಬರದು. ನವರಾತ್ರಿಯಲ್ಲಿ ಹೂವಿಗೆ ಬೇಡಿಕೆ ಏರಿರುವಾಗ ಈ ಲೆಕ್ಕ ಚಿಕ್ಕದೇನಲ್ಲ.

ಕಾನೂನು ಮುಟ್ಟದೆ ಬಿಡುವ ಭಾಗ ಇದಕ್ಕಿಂತ ದೊಡ್ಡದು. ಸಾಮಾನ್ಯ ಎಚ್ಚರದಿಂದ ಕೊಳ್ಳುವವನ ಕಣ್ಣಿಗೆ ಬೀಳದ ಮುಖ್ಯ ದೋಷ ಸ್ವತ್ತಿನಲ್ಲೋ ಹಕ್ಕಿನಲ್ಲೋ ಇದ್ದರೆ ಮಾರುವವನು ತಿಳಿಸಬೇಕು ಎಂದು ಅದೇ ಕಾಯ್ದೆಯ 55ನೆಯ ಕಲಮು ಹೇಳುತ್ತದೆ. ಬನವನ್ನು ಬಿಟ್ಟು ಕ್ರಯಪತ್ರ ಬರೆಸಿ, ಅಲ್ಲಿಗೆ ಹೋಗುವ ಕಾಲುದಾರಿಯನ್ನು ಕಾದಿರಿಸಿದರೆ ಅದು ದಾಖಲೆಗೆ ಬಂತು. ಕಡಿದು ಸಮ ಮಾಡಿದ ಹಳೆಯ ಬನದ ಸಂಗತಿ, ನಿಂತುಹೋದ ನೇಮದ ಹರಕೆ ಯಾವ ಕಲಮಿಗೂ ಸಿಗುವುದಿಲ್ಲ. ಅವನ್ನು ನಂಬುವ ಮಾರಾಟಗಾರ ಬೆಲೆ ಇಳಿದೀತೆಂದು ಮುಚ್ಚಿಟ್ಟರೆ, ತಾನು ದೋಷವೆಂದು ತಿಳಿದದ್ದನ್ನೇ ಇನ್ನೊಬ್ಬರ ಮನೆಗೆ ದಾಟಿಸಿದಂತೆ. ನಂಬದವನಿಗೆ ಆ ಹೊಣೆ ಹಗುರ. ಆದರೂ ಕೊಳ್ಳುವವನು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಾದ್ದು ಅವನಿಗೂ ತಪ್ಪಿದ್ದಲ್ಲ.