ಆಪತ್ಕಾಲದ ಅನ್ನ

ಯುದ್ಧವು ಗಡಿಯಲ್ಲಿ ನಡೆಯುವುದಾದರೂ ಅದರ ಬಿಸಿ ಬೇಗನೆ ತಟ್ಟುವುದು ಅಡುಗೆಮನೆಗೆ. ಅಂಗಡಿಯಲ್ಲಿ ಅಕ್ಕಿ ಇಲ್ಲ, ಸೀಮೆಎಣ್ಣೆ ಇಲ್ಲ, ನಾಳೆ ಬರುವುದೋ ಇಲ್ಲವೋ ತಿಳಿಯದು ಎಂಬ ಸ್ಥಿತಿ ಒದಗಿದಾಗ ಗೃಹಸ್ಥನಾದವನು ಏನು ಮಾಡಬೇಕು? ಮನೆಯವರಿಗಾಗಿ ಕೂಡಿಡುವುದು ಅವನ ಕರ್ತವ್ಯವೇ, ಅಥವಾ ನೆರೆಯವನ ಪಾಲನ್ನು ಕಸಿದ ದೋಷವೇ? ಕಾಡಿನಿಂದ, ಹಿತ್ತಲಿನಿಂದ, ಮಳೆಯ ನೀರಿನಿಂದ ಜೀವನ ಸಾಗಿಸುವ ವಿದ್ಯೆಯನ್ನು ಶಾಂತಿಕಾಲದಲ್ಲಿಯೇ ಕಲಿತಿರುವುದು ಗೃಹಸ್ಥಧರ್ಮದೊಳಗೆ ಸೇರುತ್ತದೆಯೇ? ಬೊರಿವಲಿಯ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿರುವ ನಮಗೆ ಇದು ದೂರದ ಪ್ರಶ್ನೆಯೆಂದು ತೋರಬಹುದು. ಆದರೆ ನಮ್ಮ ಹಿರಿಯರ ಎದುರಿಗೆ ಇದು ನಿಜವಾಗಿಯೇ ಬಂದು ನಿಂತಿತ್ತು.

1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ವಶವಾಯಿತು. ಅದುವರೆಗೆ ಹಡಗುಗಳಲ್ಲಿ ಬರುತ್ತಿದ್ದ ಬರ್ಮಾದ ಅಕ್ಕಿ ನಿಂತುಹೋಯಿತು. 1943ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಪಡಿತರ ಪದ್ಧತಿ ಜಾರಿಗೆ ಬಂದಿತು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸ್ಫೋಟಗೊಂಡಾಗ ಗೋದಾಮುಗಳಲ್ಲಿದ್ದ ಸಾವಿರಾರು ಟನ್ ಧಾನ್ಯ ಸುಟ್ಟು ಬೂದಿಯಾಯಿತು. ಅದೇ ಹಡಗಿನಲ್ಲಿದ್ದ ಚಿನ್ನದ ಗಟ್ಟಿಗಳು ಊರಿನ ಮೇಲೆಲ್ಲ ಹಾರಿ ಬಿದ್ದವಂತೆ. ಚಿನ್ನ ಆಕಾಶದಿಂದ ಉದುರಿದ ದಿನ ಅಕ್ಕಿ ಉರಿದುಹೋಯಿತು ಎಂಬುದನ್ನು ನೆನೆದಾಗ ಯಾವುದಕ್ಕೆ ಎಷ್ಟು ಬೆಲೆ ಎಂಬ ನಮ್ಮ ಲೆಕ್ಕಾಚಾರ ಸ್ವಲ್ಪ ಅಲುಗಾಡುತ್ತದೆ. ಹೋಟೆಲುಗಳಲ್ಲಿಯೂ ಅಕ್ಕಿಗೆ ತತ್ವಾರ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಂನವರು ಅಕ್ಕಿಯ ಅಭಾವದಲ್ಲಿ ರವೆಯಿಂದ ಇಡ್ಲಿ ಮಾಡಿ ನೋಡಿದ್ದು ಈ ಯುದ್ಧದ ದಿನಗಳಲ್ಲಿಯೇ ಎಂದು ಆ ಸಂಸ್ಥೆಯವರೇ ಹೇಳಿಕೊಂಡಿದ್ದಾರೆ. ಇಂದು ನಾವು ರುಚಿಗೆಂದು ತಿನ್ನುವ ರವೆ ಇಡ್ಲಿ ಮೂಲತಃ ಆಪತ್ತಿನ ಅಡುಗೆ.

ಬಾಂಬಿನ ಭೀತಿಯಿಂದ ಆಗ ಅನೇಕರು ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ ತಾವು ಇಲ್ಲಿಯೇ ಉಳಿದರು. ಊರಿನಲ್ಲಿಯೂ ಅಕ್ಕಿ ಯಥೇಚ್ಛವಾಗಿರಲಿಲ್ಲ. ಮಳೆಗಾಲದ ಆಟಿ ತಿಂಗಳೆಂದರೆ ತುಳುನಾಡಿನಲ್ಲಿ ಹಿಂದಿನಿಂದಲೂ ಕೊರತೆಯ ತಿಂಗಳು. ಹಳೆಯ ಭತ್ತ ಮುಗಿದಿರುತ್ತದೆ, ಹೊಸ ಬೆಳೆ ಗದ್ದೆಯಲ್ಲಿರುತ್ತದೆ. ಆದ್ದರಿಂದ ಯುದ್ಧದ ಅಭಾವವನ್ನು ಎದುರಿಸುವ ವಿದ್ಯೆಯನ್ನು ಅಲ್ಲಿಯ ಹೆಂಗಸರು ಹೊಸದಾಗಿ ಕಲಿಯಬೇಕಾಗಿರಲಿಲ್ಲ; ಪ್ರತಿ ವರ್ಷವೂ ಒಂದು ತಿಂಗಳ ಮಟ್ಟಿಗೆ ಅದನ್ನು ಅಭ್ಯಾಸ ಮಾಡುತ್ತಲೇ ಬಂದಿದ್ದರು. ಬೇಸಗೆಯಲ್ಲಿಯೇ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯಲ್ಲಿ ಅದುಮಿ ಇಡುವುದು, ಬೀಜವನ್ನು ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿ ಸಾಂತಾಣಿ ಮಾಡುವುದು, ಸೌತೆಕಾಯಿಗಳನ್ನು ಬಾಳೆಯ ನಾರಿನಲ್ಲಿ ಹೆಣೆದು ಮಾಡಿನ ಜಂತಿಗೆ ತೂಗಹಾಕುವುದು, ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟುವುದು — ಇವೆಲ್ಲ ಮನೆವಾರ್ತೆಯ ನಿತ್ಯದ ಕೆಲಸಗಳಾಗಿದ್ದವು. ಮಳೆ ಹಿಡಿದ ಮೇಲೆ ಕೆಸುವಿನ ಎಲೆಯ ಪತ್ರೊಡೆ, ತುಳುವಿನಲ್ಲಿ ತಜಂಕ್ ಎನ್ನುವ ತಗಟೆ ಸೊಪ್ಪು, ಬಿದಿರಿನ ಕಣಿಲೆ. ಕಣಿಲೆಯನ್ನು ತಂದ ದಿನವೇ ತಿನ್ನಲಾಗದು. ಹೆಚ್ಚಿ ನೀರಿನಲ್ಲಿ ನೆನೆಹಾಕಿ ದಿನವೂ ನೀರು ಬದಲಿಸಿ ಎರಡು ಮೂರು ದಿನ ಕಾಯಬೇಕು, ಇಲ್ಲದಿದ್ದರೆ ಅದರಲ್ಲಿರುವ ವಿಷ ಇಳಿಯದು. ಕೆಸುವಿಗೆ ಹುಳಿ ಸೇರದಿದ್ದರೆ ಗಂಟಲು ತುರಿಸುತ್ತದೆ. ಘಟ್ಟದ ಬುಡದಲ್ಲಿ ಬೈನೆ ಮರದ ತಿರುಳನ್ನು ಕುಟ್ಟಿ, ನೀರಿನಲ್ಲಿ ಕಲಸಿ ಸೋಸಿ, ಅಡಿಯಲ್ಲಿ ತಂಗಿದ ಹಿಟ್ಟನ್ನು ಒಣಗಿಸಿ ಗಂಜಿ ಕಾಯಿಸುತ್ತಿದ್ದರು. ಸೀಮೆಎಣ್ಣೆ ಸಿಗದಾಗ ಹೊನ್ನೆ ಎಣ್ಣೆಯ ದೀಪ, ಸಾಬೂನು ಇಲ್ಲದಾಗ ಅಂಟುವಾಳದ ಕಾಯಿ, ರಾತ್ರಿ ಹಾದಿಗೆ ತೆಂಗಿನ ಗರಿಯ ಸೂಡಿ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಈ ವಿದ್ಯೆಯಲ್ಲಿ ಭರಣಿಯ ಭಾಗ ನಮ್ಮ ಅಜ್ಜಿಯಂದಿರದ್ದು. ಕಾಡಿನ ಭಾಗ ಬಹುಪಾಲು ನಮ್ಮದಲ್ಲ. ಯಾವ ಗೆಡ್ಡೆ ತಿನ್ನಬಹುದು, ಯಾವುದು ಕೊಲ್ಲುತ್ತದೆ ಎಂದು ಬಲ್ಲವರು ಒಕ್ಕಲು ಮನೆಯ ಹೆಂಗಸರು, ಕೂಲಿಯವರು, ಘಟ್ಟದ ಮಲೆಕುಡಿಯರು. ನಮ್ಮ ಮನೆಗಳಲ್ಲಿ ಆಷಾಢ ಶುದ್ಧ ಏಕಾದಶಿಯ ನಂತರ ಶಾಕವ್ರತ. ಸೊಪ್ಪು ತರಕಾರಿಗಳು ವರ್ಜ್ಯ. ಹೆಚ್ಚುಕಡಿಮೆ ಅದೇ ಆಟಿಯ ಕಾಲದಲ್ಲಿ ಗದ್ದೆಯ ಆಚೆಯ ಗುಡಿಸಲಿನಲ್ಲಿ ಆ ಸೊಪ್ಪೇ ಜೀವಾಧಾರ. ನಾವು ಸಂಕಲ್ಪ ಮಾಡಿ ಬಿಟ್ಟುದನ್ನು ಅವರು ಗತ್ಯಂತರವಿಲ್ಲದೆ ತಿನ್ನುತ್ತಿದ್ದರು. ವ್ರತವು ಬಿಟ್ಟು ಬದುಕುವುದನ್ನು ಕಲಿಸುತ್ತದೆ, ಅದು ಸಣ್ಣ ಶಿಕ್ಷಣವಲ್ಲ. ಆದರೆ ಮನೆಯಲ್ಲಿ ಹೆಸರುಬೇಳೆಯೂ ತುಪ್ಪವೂ ಇರುವಾಗ ಸೊಪ್ಪನ್ನು ಬಿಡುವುದಕ್ಕೂ, ಏನೂ ಇಲ್ಲದಾಗ ಸೊಪ್ಪನ್ನು ಹುಡುಕುವುದಕ್ಕೂ ಇರುವ ಅಂತರವನ್ನು ನಾವು ಕಾಣದೆ ಹೋಗಬಾರದು.

ಹಾಗಾದರೆ ಯುದ್ಧಕಾಲದಲ್ಲಿ, ಬೇರೇನೂ ಸಿಗದಾಗ, ನಿಯಮವೇನು? ಛಾಂದೋಗ್ಯದ ಮೊದಲ ಅಧ್ಯಾಯದಲ್ಲಿ ಬರುವ ಉಷಸ್ತಿ ಚಾಕ್ರಾಯಣನ ಕಥೆಯನ್ನು ಉಪನ್ಯಾಸಗಳಲ್ಲಿ ಎಲ್ಲರೂ ಕೇಳಿರುತ್ತೀರಿ. ಕುರುದೇಶದ ಬೆಳೆ ನಾಶವಾಗಿತ್ತು. ಆಲಿಕಲ್ಲಿನಿಂದಲೋ ಮಿಡತೆಗಳಿಂದಲೋ, ಆ ಶಬ್ದಕ್ಕೆ ಅರ್ಥ ಹೇಳುವುದರಲ್ಲಿ ಭೇದವಿದೆ. ಹಸಿದ ಉಷಸ್ತಿಯು ಆನೆಯವನೊಬ್ಬನು ತಿನ್ನುತ್ತಿದ್ದ ಕಾಳನ್ನು ಬೇಡಿದನು. ತಟ್ಟೆಯಲ್ಲಿರುವುದಲ್ಲದೆ ಬೇರೆ ಇಲ್ಲವೆಂದು ಅವನು ಹೇಳಿದರೂ ಅದನ್ನೇ ಕೇಳಿ ತಿಂದನು. ಅನಂತರ ಅವನು ನೀರು ಕೊಡಬಂದಾಗ ಎಂಜಲಾದೀತೆಂದು ನಿರಾಕರಿಸಿದನು. ಕಾಳು ಎಂಜಲಲ್ಲವೇ ಎಂದು ಅವನು ಕೇಳಿದ್ದು ಸಹಜವೇ. ಕಾಳು ತಿನ್ನದಿದ್ದರೆ ಪ್ರಾಣ ಉಳಿಯುತ್ತಿರಲಿಲ್ಲ, ನೀರಾದರೋ ಬೇಕಾದಲ್ಲಿ ದೊರೆಯುತ್ತದೆ ಎಂಬುದು ಉಷಸ್ತಿಯ ಉತ್ತರ. ಪ್ರಾಣಸಂಕಟದಲ್ಲಿ ಮಾತ್ರ ಎಲ್ಲ ಅನ್ನಕ್ಕೂ ಅನುಮತಿಯೆಂದು ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ನಿರ್ಣಯಿಸುವಾಗ ಈ ಪ್ರಸಂಗವೇ ಆಧಾರ.

ನಾವು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತೇವೆ. ಮುಂದಿನ ಭಾಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಉಳಿದ ಕಾಳನ್ನು ಅವನು ಹೆಂಡತಿಗೆ ತಂದುಕೊಟ್ಟನು. ಆಕೆಗೆ ಅಷ್ಟರಲ್ಲಿ ಭಿಕ್ಷೆ ದೊರೆತಿತ್ತು. ಆದ್ದರಿಂದ ಅದನ್ನು ತೆಗೆದಿಟ್ಟಳು. ಮರುದಿನ ಬೆಳಿಗ್ಗೆ ಆ ತಂಗಳನ್ನೇ ತಿಂದು ಉಷಸ್ತಿಯು ರಾಜನ ಯಜ್ಞಕ್ಕೆ ನಡೆದು ತನ್ನ ವಿದ್ಯೆಯಿಂದ ಸಂಪಾದಿಸಿದನು. ಕೂಡಿಡುವುದೇ ದೋಷವಾಗಿದ್ದರೆ ಆ ಗೃಹಿಣಿ ದೋಷಿಯಾಗಬೇಕಿತ್ತು. ಆದರೆ ಆಕೆ ಇಟ್ಟದ್ದು ಒಂದು ಬೆಳಗಿಗೆ ಸಾಕಾಗುವಷ್ಟು, ಕೆಲಸಕ್ಕೆ ನಡೆದುಹೋಗುವ ಶಕ್ತಿ ಬರುವಷ್ಟು. ಉಷಸ್ತಿ ಕಾಳನ್ನು ಕಸಿದುಕೊಳ್ಳಲಿಲ್ಲ, ಬೇಡಿ ಪಡೆದನು ಎಂಬುದನ್ನೂ ಗಮನಿಸಬೇಕು.

ಸ್ಮೃತಿಕಾರರೂ ಸಂಗ್ರಹಕ್ಕೆ ಅಳತೆ ಹೇಳಿದ್ದಾರೆ. ಕಣಜ ತುಂಬ ಇಟ್ಟವನು, ಗಡಿಗೆ ತುಂಬ ಇಟ್ಟವನು, ಮೂರು ದಿನಕ್ಕೆ ಇಟ್ಟವನು, ನಾಳೆಗೆಂದು ಏನೂ ಇಡದವನು ಎಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ವಿಭಾಗವಿದೆ. ಒಬ್ಬನಿಗಿಂತ ಮುಂದಿನವನು ಶ್ರೇಷ್ಠ. ಮಕ್ಕಳುಮರಿ ಇರುವ ನಗರದ ಗೃಹಸ್ಥನು ಕಡೆಯವನಾಗಬೇಕೆಂದು ನಾವು ಹೇಳಲಾರೆವು. ಗಡಿಗೆಯವನಾದರೆ ಸಾಕು. 1943ರ ವ್ಯಾಪಾರಿಯ ಗೋದಾಮು ಕಣಜದ ವರ್ಗಕ್ಕೂ ಸೇರುವುದಿಲ್ಲ. ಅಲ್ಲಿದ್ದುದು ಉಣ್ಣುವುದಕ್ಕಲ್ಲ, ಬೆಲೆ ಏರುವುದನ್ನು ಕಾಯುವುದಕ್ಕೆ. ಆ ವರ್ಷ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಸತ್ತರೆಂದು ಅಂದಾಜು. ಧಾನ್ಯವೇ ಇರಲಿಲ್ಲವೆಂದಲ್ಲ, ಬಡವನು ಕೊಳ್ಳಲಾಗದಂತಾಯಿತು ಎಂದು ಅಮರ್ತ್ಯ ಸೇನ್ 1981ರಲ್ಲಿ ವಿವರಿಸಿದ್ದಾರೆ. ಬಂಗಾಳದ ರೈತಾಪಿ ಹೆಂಗಸರಿಗೂ ಕೆಸು, ಕೆರೆಯ ಗೆಡ್ಡೆಗಳು ತಿಳಿದಿದ್ದವು. ಆದರೂ ಕಲ್ಕತ್ತೆಯ ಬೀದಿಗಳಲ್ಲಿ ಅವರು ಅನ್ನವನ್ನಲ್ಲ, ಅನ್ನ ಬಸಿದ ತಿಳಿಯನ್ನು ಬೇಡಿದರು. ಕಲ್ಕತ್ತೆಗೆ ಪೂರ್ಣ ಪಡಿತರ ಬಂದುದು 1944ರಲ್ಲಿ, ತೀರ ತಡವಾಗಿ. ಕಾಡಿನ ವಿದ್ಯೆಯೊಂದಿದ್ದರೆ ಯುದ್ಧವನ್ನು ದಾಟಬಹುದೆಂಬ ಮಾತನ್ನು ನಾವು ಒಪ್ಪದಿರುವುದು ಈ ಕಾರಣದಿಂದ. ಲಕ್ಷಾಂತರ ಜನರಿಗೆ ನ್ಯಾಯವಾದ ಪಡಿತರ ಚೀಟಿಯೇ ದೊಡ್ಡ ಆಸರೆ. ಅದರಲ್ಲಿ ಸುಳ್ಳು ಹೆಸರು ಬರೆಯಿಸದಿರುವುದು ಅಂದಿನ ಗೃಹಸ್ಥನಿಗೆ ದೊಡ್ಡ ವ್ರತವೇ ಆಗಿತ್ತು.

ಕೂಡಿಟ್ಟುದನ್ನು ಮುಟ್ಟದಿರುವ ಧರ್ಮವೂ ಒಂದಿದೆ. ಊರಿನ ಮನೆಗಳಲ್ಲಿ ಎಷ್ಟೇ ಹಸಿವಿದ್ದರೂ ಬಿತ್ತಿನ ಭತ್ತಕ್ಕೆ ಕೈಹಾಕುತ್ತಿರಲಿಲ್ಲ. 1941ರಿಂದ 1944ರವರೆಗೆ ಜರ್ಮನರು ಲೆನಿನ್‌ಗ್ರಾಡ್ ನಗರವನ್ನು ಮುತ್ತಿದ್ದಾಗ ಅಲ್ಲಿಯ ಸಸ್ಯಸಂಶೋಧನಾಲಯದಲ್ಲಿ ವಾವಿಲೋವ್ ಮತ್ತು ಸಹೋದ್ಯೋಗಿಗಳು ದೇಶದೇಶಗಳಿಂದ ಕೂಡಿಸಿದ ಬೀಜಗಳಿದ್ದವು. ಅವುಗಳನ್ನು ಕಾಯುತ್ತಿದ್ದ ವಿಜ್ಞಾನಿಗಳಲ್ಲಿ ಹಲವರು ಹಸಿವಿನಿಂದಲೇ ಸತ್ತರು. ಭತ್ತದ ತಜ್ಞ ಡ್ಮಿಟ್ರಿ ಇವಾನೋವ್ ಸತ್ತದ್ದು ಅಕ್ಕಿಯ ಪೊಟ್ಟಣಗಳ ನಡುವೆ. ಉಷಸ್ತಿಯ ನ್ಯಾಯದಂತೆ ಅವರು ತಿಂದಿದ್ದರೆ ದೋಷವಿರಲಿಲ್ಲವೆಂದೇ ನಮ್ಮ ಅಭಿಪ್ರಾಯ. ಅನುಮತಿ ಇದ್ದೂ ತಿನ್ನದವರು ಅವರು.

1965ರ ಯುದ್ಧದ ವೇಳೆಗೆ ಲಾಲ್ ಬಹಾದೂರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟ ಬಿಡಬೇಕೆಂದು ಕರೆಯಿತ್ತಾಗ ಅನೇಕ ಹೋಟೆಲುಗಳು ಸೋಮವಾರ ಸಂಜೆ ಬಾಗಿಲು ಮುಚ್ಚಿದವು. ಏಕಾದಶಿಗೆ ಹೊಂದಿಕೊಂಡ ಮನೆಗಳಿಗೆ ಅದು ಭಾರವೆನಿಸಿರಲಾರದು. 1971ರ ಡಿಸೆಂಬರಿನಲ್ಲಿ ಮುಂಬಯಿಯ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. 2020ರ ಮಾರ್ಚ್‌ನಲ್ಲಿ ಯುದ್ಧವಿಲ್ಲದೆಯೇ ಎಲ್ಲ ಮುಚ್ಚಿದಾಗ ಹಿಟ್ಟು ಬೇಳೆಗಳಿಗೆ ಮುಗಿಬಿದ್ದವರಲ್ಲಿ ಎಲ್ಲ ಮತದವರೂ ಇದ್ದರು.

ಬೊರಿವಲಿಗೆ ಬರೋಣ. ಉಷಸ್ತಿಗೆ ನೀರು ಬೇಕಾದಲ್ಲಿ ದೊರೆಯುತ್ತಿತ್ತು. ನಮಗೆ ಪಂಪಿಗೆ ಕರೆಂಟು ಇರುವವರೆಗೆ ಮಾತ್ರ. ಹಾಗಿರುವಾಗ ಹಿತ್ತಾಳೆಯ ಕೊಡಗಳನ್ನು ಗುಜರಿಗೆ ಹಾಕುವುದು ಜಾಣತನವಲ್ಲ. ನಮ್ಮ ಪೂರ್ವದ ಬೆಟ್ಟದಲ್ಲಿಯೇ ಕಾನ್ಹೇರಿಯ ಬೌದ್ಧ ಭಿಕ್ಷುಗಳು ಗುಹೆಗಳ ಪಕ್ಕದಲ್ಲಿ ಬಂಡೆಯನ್ನು ಕೊರೆದು ಮಳೆಯ ನೀರು ಹಿಡಿಯುವ ತೊಟ್ಟಿಗಳನ್ನು ಮಾಡಿಕೊಂಡಿದ್ದರು. ಮತ ಬೇರೆಯಾದರೂ ಆ ತೊಟ್ಟಿಗಳನ್ನು ಮಕ್ಕಳಿಗೆ ತೋರಿಸಬೇಕಾದದ್ದೇ.

ಇನ್ನು ಕಾಡು. ಆಪತ್ತು ಬಂದರೆ ಪಕ್ಕದಲ್ಲಿ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿದೆಯಲ್ಲ ಎನ್ನುವವರಿದ್ದಾರೆ. ಅಲ್ಲಿಂದ ಎಲೆಯೊಂದನ್ನೂ ತರುವುದು ಕಾನೂನಿನಂತೆ ನಿಷಿದ್ಧ. ಅದಿರಲಿ, ಈ ಉಪನಗರಗಳ ಜನರೆಲ್ಲ ನುಗ್ಗಿದರೆ ಕಾಡು ಒಂದು ವಾರವೂ ಬಾಳದು. ತಲೆಮಾರುಗಳಿಂದ ಅಲ್ಲಿಯ ಪಾಡಾಗಳಲ್ಲಿರುವ ವಾರ್ಲಿಗಳ ಗತಿಯೇನು? ಆನೆಯವನ ತಟ್ಟೆಗೆ ಕೈಹಾಕುವ ಮೊದಲು ಉಷಸ್ತಿ ಕೇಳಿದನು. ಕೇಳಬೇಕಾದರೆ ಮೊದಲು ಪರಿಚಯವಿರಬೇಕು, ಆ ಪರಿಚಯಕ್ಕೆ ಶಾಂತಿಕಾಲವೇ ಸಮಯ. ಅಕ್ಕಿಯನ್ನು ಹಂಚಿದರೆ ನಮ್ಮ ಡಬ್ಬ ಬರಿದಾಗುತ್ತದೆ. ಕಣಿಲೆಯ ನೀರು ಬದಲಿಸುವ ಕ್ರಮವನ್ನು ನೆರೆಯವರಿಗೆ ಹೇಳಿಕೊಟ್ಟರೆ ನಮ್ಮಲ್ಲಿ ಏನೂ ಕಡಿಮೆಯಾಗದು. ಡಬ್ಬಗಳ ಸಂಖ್ಯೆಗಿಂತ ಇದಕ್ಕೆ ನಾವು ಹೆಚ್ಚು ಬೆಲೆ ಕೊಡುವುದು ಆದ್ದರಿಂದಲೇ.

ಮಳೆ ಆರಂಭವಾದೊಡನೆ ಆದಿವಾಸಿ ಹೆಂಗಸರು ಇಲ್ಲಿಯ ಮಾರುಕಟ್ಟೆಗಳಿಗೂ ಸ್ಟೇಷನ್ನಿನ ಬದಿಗೂ ಕಾಡುಸೊಪ್ಪು ತಂದು ಮಾರುತ್ತಾರೆ. ಅವರು ಟಾಕಳಾ ಎಂದು ಕೂಗಿ ಮಾರುವುದು ನಮ್ಮ ತಗಟೆಯೇ, ಅಳೂ ಎನ್ನುವುದು ನಮ್ಮ ಕೆಸುವೇ, ಕಂಟೋಲಿ ಎನ್ನುವುದು ಮಾಡಹಾಗಲ. ಮರಾಠಿಯಲ್ಲಿ ನಾಲ್ಕು ಮಾತು ಕೇಳಿದರೆ ಹೇಗೆ ಬೇಯಿಸಬೇಕೆಂದು ಸಂತೋಷದಿಂದ ಹೇಳುತ್ತಾರೆ. ಚೌಕಾಶಿ ಬೇಡ. ತಗಟೆಯಲ್ಲಿ ಎಳೆಯ ಚಿಗುರನ್ನೇ ಆರಿಸಬೇಕು, ಹೂ ಬಿಟ್ಟ ಮೇಲೆ ಅದು ಕಹಿ. ಶಾಕವ್ರತ ಹಿಡಿಯುವ ಮನೆಗಳವರು ಏಕಾದಶಿಗೆ ಮೊದಲೇ, ಜೂನ್ ತಿಂಗಳ ಮೊದಲ ಕಟ್ಟುಗಳು ಬಂದಾಗ ಕೊಳ್ಳುವುದು ಒಳ್ಳೆಯದು.