ಚುನಾವಣೆಯ ವೆಚ್ಚವೂ ಶರಣರ ಭಂಡಾರಧರ್ಮವೂ

ಉಂಡ ಮನೆಯ ಜಂತೆಯನ್ನು ಎಣಿಸಬಾರದೆಂಬುದು ನಮ್ಮ ಹಿರಿಯರ ಮಾತು. ಗೃಹಸ್ಥನ ಬಾಳಿಗೆ ಇದು ಒಪ್ಪುವ ಮಾತೇ ಸರಿ. ಅನ್ನವಿಕ್ಕಿದವನ ಮನೆಯಲ್ಲಿ ಕುಳಿತು ಅವನ ಕುಂದುಗಳನ್ನು ಲೆಕ್ಕ ಹಾಕುವುದು ಕೃತಘ್ನತೆಯಲ್ಲದೆ ಮತ್ತೇನು? ಆದರೆ ಪ್ರಜೆಗಳ ಪ್ರತಿನಿಧಿಯಾಗಿ ಆರಿಸಿಬಂದವನ ವಿಷಯದಲ್ಲಿ ಇದೇ ಮಾತು ವಿಪರೀತವಾಗಿ ಪರಿಣಮಿಸುತ್ತದೆ. ಎಲ್ಲ ಮನೆಗಳ ಜಂತೆಗಳನ್ನೂ ಎಣಿಸುವುದೇ ಅವನ ಕರ್ತವ್ಯ. ಯಾರು ಹೆಚ್ಚು ಕೂಡಿಹಾಕಿದರು, ಯಾರು ತೆರಬೇಕಾದುದನ್ನು ತೆರಲಿಲ್ಲ, ಯಾರ ಕಾರ್ಖಾನೆಯ ಹೊಗೆ ಯಾರ ಅಂಗಳಕ್ಕೆ ಹೋಯಿತು ಎಂಬುದನ್ನು ನಿರ್ದಾಕ್ಷಿಣ್ಯವಾಗಿ ವಿಚಾರಿಸುವುದಕ್ಕಾಗಿಯೇ ಜನರು ಅವನನ್ನು ಕಳುಹಿಸುತ್ತಾರೆ. ಚುನಾವಣೆಗೆ ಮುನ್ನವೇ ಅವನು ಕೆಲವರ ಮನೆಯಲ್ಲಿ ಉಂಡು ಬಂದವನಾದರೆ ಆ ಮನೆಗಳ ಜಂತೆಗಳನ್ನು ಅವನು ಎಣಿಸುವ ಬಗೆ ಹೇಗೆ?

ಆದುದರಿಂದ ಉಮೇದುವಾರನ ಚುನಾವಣಾ ವೆಚ್ಚವನ್ನು ಯಾರು ಭರಿಸತಕ್ಕದ್ದು ಎಂಬ ಪ್ರಶ್ನೆಯು ಕೇವಲ ರಾಜಕೀಯದ ಪ್ರಶ್ನೆಯಲ್ಲ. ಅದು ಧರ್ಮದ ಪ್ರಶ್ನೆಯೂ ಹೌದು.

ಕಾಟಿಪಳ್ಳದಲ್ಲಿ ನೆಲೆಸಿರುವ ಒಬ್ಬ ಗೃಹಸ್ಥರು ಈ ಪ್ರಶ್ನೆಯನ್ನು ನನ್ನ ಮುಂದಿಟ್ಟರು. ಅವರು ಬಾಗಲಕೋಟೆಯ ಕಡೆಯವರು. ಪಣಂಬೂರಿನ ಬಂದರಿನ ಕೆಲಸಕ್ಕೆಂದು ಬಂದು ಅಲ್ಲಿಯೇ ಮನೆ ಮಾಡಿದವರು. ಕಾಟಿಪಳ್ಳವೆಂದರೆ ಸಾಮಾನ್ಯವಾದ ಊರಲ್ಲ. ನವಮಂಗಳೂರು ಬಂದರಿನ ನಿರ್ಮಾಣಕ್ಕಾಗಿ ಮನೆ-ನೆಲ ಬಿಟ್ಟುಕೊಟ್ಟ ಅನೇಕ ಕುಟುಂಬಗಳಿಗೆ ಪುನರ್ವಸತಿಯಾದ ನೆಲ ಅದು. ಆ ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಸಾರ್ವಜನಿಕ ಹಿತವೆಂಬ ಮಾತಿಗೆ ತಮ್ಮ ನೆಲವನ್ನೇ ಬೆಲೆಯಾಗಿ ತೆತ್ತ ಜನರ ನಡುವೆ ಬಾಳುವವರು ಅದರ ಅರ್ಥವನ್ನು ಕೇಳುವ ಅಧಿಕಾರವುಳ್ಳವರೇ ಆಗಿದ್ದಾರೆ.

ಅವರು ಹೇಳಿದ್ದು ಇಷ್ಟು: "ಗುರುಗಳೇ, ಒಂದು ಚುನಾವಣೆಯ ಹಿಂದಿನ ರಾತ್ರಿ ನಮ್ಮ ಮನೆಗೊಂದು ಲಕೋಟೆ ಬಂತು. ಕೊಟ್ಟವರು ಯಾರೆಂದು ಹೇಳುವುದಿಲ್ಲ. ನಾನು ಮರುಮಾತಿಲ್ಲದೆ ತೆಗೆದುಕೊಂಡೆ. ನಮ್ಮ ಮನೆಯಾಕೆ, 'ಇದು ಯಾವ ಕಾಯಕದ ಹಣ?' ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಈಗ ನೋಡಿದರೆ ಉಮೇದುವಾರರ ಖರ್ಚನ್ನು ಸರಕಾರವೇ ಕೊಡಬೇಕೆಂದು ಕೆಲವರು ಹೇಳುತ್ತಾರೆ. ನಮ್ಮ ತೆರಿಗೆಯ ದುಡ್ಡಿನಿಂದ ಅವರ ಮೆರವಣಿಗೆಯೇ? ಇದು ಯಾವ ನ್ಯಾಯ?"

ಆ ತಾಯಿಯ ಪ್ರಶ್ನೆಯೇ ಈ ಲೇಖನಕ್ಕೆ ಮೂಲ. ಅದಕ್ಕೆ ಸಮಾಧಾನ ಹೇಳುವ ಮುನ್ನ ವಸ್ತುಸ್ಥಿತಿಯನ್ನು ತಿಳಿಯುವುದು ಅವಶ್ಯಕ.

1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಬ್ಬ ಉಮೇದುವಾರನೂ ತನ್ನ ಚುನಾವಣಾ ವೆಚ್ಚದ ಲೆಕ್ಕವಿಡತಕ್ಕದ್ದು. ಫಲಿತಾಂಶದ ನಂತರ ಮೂವತ್ತು ದಿನಗಳೊಳಗೆ ಅದನ್ನು ಒಪ್ಪಿಸತಕ್ಕದ್ದು. ಕರ್ನಾಟಕದಂತಹ ದೊಡ್ಡ ರಾಜ್ಯಗಳಲ್ಲಿ ವಿಧಾನಸಭೆಯ ಉಮೇದುವಾರನ ವೆಚ್ಚಕ್ಕೆ 40 ಲಕ್ಷ ರೂಪಾಯಿ, ಲೋಕಸಭೆಯ ಉಮೇದುವಾರನಿಗೆ 95 ಲಕ್ಷ ರೂಪಾಯಿ ಎಂದು 2022ರಲ್ಲಿ ಮಿತಿ ಗೊತ್ತುಮಾಡಲಾಯಿತು. ಕಾಟಿಪಳ್ಳವನ್ನು ಒಳಗೊಂಡ ಮಂಗಳೂರು ನಗರ ಉತ್ತರ ಕ್ಷೇತ್ರದಲ್ಲಿ 2023ರ ಮೇ ತಿಂಗಳಲ್ಲಿ ನಡೆದ ಚುನಾವಣೆಗೂ ಇದೇ ಮಿತಿಯಿದ್ದಿತು.

ಕಟ್ಟೆ ಭದ್ರವಾಗಿದೆ, ಆದರೆ ಮಗ್ಗುಲಲ್ಲಿಯೇ ತೂಬು ತೆರೆದಿದೆ. ಪಕ್ಷವು ಮಾಡುವ ವೆಚ್ಚಕ್ಕೆ ಯಾವ ಮಿತಿಯೂ ಇಲ್ಲ. ಉಮೇದುವಾರನ ಗೆಲುವಿಗಾಗಿ ಪಕ್ಷ ಮಾಡಿದ ವೆಚ್ಚವೂ ಅವನ ಲೆಕ್ಕಕ್ಕೇ ಸೇರತಕ್ಕದ್ದೆಂದು 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕನ್ವರ್‌ಲಾಲ್ ಗುಪ್ತಾ ಅವರ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಅದೇ ವರ್ಷ ಕಾಯಿದೆಯನ್ನು ತಿದ್ದಿ ಆ ತೀರ್ಪಿನ ಫಲವನ್ನು ಇಲ್ಲದಂತೆ ಮಾಡಲಾಯಿತು. ಕಂಪನಿಗಳು ಪಕ್ಷಗಳಿಗೆ ಹಣ ಕೊಡುವುದನ್ನು 1969ರಲ್ಲಿ ನಿಷೇಧಿಸಿ, 1985ರಲ್ಲಿ ಮತ್ತೆ ಅನುಮತಿಸಲಾಯಿತು. ಕೊಟ್ಟವನ ಹೆಸರು ಜನರಿಗೆ ತಿಳಿಯದಂತೆ ಹಣ ನೀಡುವ ಚುನಾವಣಾ ಬಾಂಡುಗಳ ಯೋಜನೆ 2018ರಲ್ಲಿ ಜಾರಿಗೆ ಬಂದಿತು. 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಸಂವಿಧಾನವಿರುದ್ಧವೆಂದು ರದ್ದುಗೊಳಿಸಿತು. ಪಕ್ಷದ ಹಣದ ಮೂಲವನ್ನು ತಿಳಿಯುವುದು ಮತದಾರನ ಹಕ್ಕೆಂಬುದು ಆ ತೀರ್ಪಿನ ತಿರುಳು. ಆ ಗೃಹಿಣಿಯು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಯನ್ನೇ ದೇಶದ ಅತ್ಯುನ್ನತ ನ್ಯಾಯಪೀಠವೂ ಕೇಳಿತೆಂದರೆ ತಪ್ಪಾಗದು.

ಹೀಗೆ ಖಾಸಗಿ ಹಣದ ಋಣದಿಂದ ಪ್ರತಿನಿಧಿಯನ್ನು ಬಿಡಿಸಲು ಬೊಕ್ಕಸವೇ ಚುನಾವಣಾ ವೆಚ್ಚವನ್ನು ಭರಿಸಲಿ ಎಂಬ ವಿಚಾರ ಹುಟ್ಟಿತು. 1990ರಲ್ಲಿ ದಿನೇಶ್ ಗೋಸ್ವಾಮಿ ಸಮಿತಿಯು ಮಿತವಾದ ನೆರವನ್ನು ಹಣದ ರೂಪದಲ್ಲಲ್ಲದೆ ವಸ್ತುರೂಪದಲ್ಲಿ ಕೊಡಬಹುದೆಂದಿತು. 1998ರಲ್ಲಿ ಇಂದ್ರಜಿತ್ ಗುಪ್ತಾ ಸಮಿತಿಯೂ ವಸ್ತುರೂಪದ ನೆರವನ್ನೇ ಎತ್ತಿಹಿಡಿಯಿತು. ಆದರೆ ಅದು ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ, ಸ್ವತಂತ್ರ ಉಮೇದುವಾರರಿಗಿಲ್ಲ ಎಂದಿತು. 1999ರಲ್ಲಿ ಕಾನೂನು ಆಯೋಗವು ಬೇರೆಲ್ಲ ಮೂಲಗಳಿಂದ ಹಣ ಪಡೆಯುವುದನ್ನು ನಿಷೇಧಿಸಿದರೆ ಮಾತ್ರ ಪೂರ್ಣ ನೆರವು ಯೋಗ್ಯವೆಂದು ಅಭಿಪ್ರಾಯಪಟ್ಟಿತು. 2015ರಲ್ಲಿ ಅದೇ ಆಯೋಗವು ಪೂರ್ಣ ನೆರವು ಸದ್ಯಕ್ಕೆ ಕಾರ್ಯಸಾಧ್ಯವಲ್ಲವೆಂದಿತು. ಪಕ್ಷಗಳ ನಿಲುವೂ ಒಂದೇ ಬಗೆಯದಲ್ಲ. ಎಡಪಕ್ಷಗಳು ವಸ್ತುರೂಪದ ನೆರವನ್ನು ಬಹುಕಾಲದಿಂದ ಕೇಳುತ್ತಿವೆ. 2019ರ ತನ್ನ ಪ್ರಣಾಳಿಕೆಯಲ್ಲಿ ಕಾಂಗ್ರೆಸ್ಸು ಯಾರು ಬೇಕಾದರೂ ಹಣ ಕೊಡಬಹುದಾದ ರಾಷ್ಟ್ರೀಯ ಚುನಾವಣಾ ನಿಧಿಯ ಮಾತನ್ನಾಡಿತು. 2016ರಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಈ ವಿಷಯ ಚರ್ಚೆಯಾಗಲೆಂದು ಸರ್ವಪಕ್ಷಗಳ ಸಭೆಯಲ್ಲಿ ಸೂಚಿಸಿದರು. ಮಾತು ಎಲ್ಲರದೂ ಉಂಟು. ಕಾಯಿದೆ ಮಾತ್ರ ಆಗಿಲ್ಲ.

ಇನ್ನು ಗೃಹಸ್ಥರ ಆಕ್ಷೇಪಕ್ಕೆ ಬರೋಣ. ನಮ್ಮ ತೆರಿಗೆಯ ಹಣವೇಕೆ ಹೋಗಬೇಕೆಂಬುದು ಮೊದಲನೆಯದು. ಈಗಲೂ ಅದು ಹೋಗುತ್ತಲೇ ಇದೆಯೆಂಬುದನ್ನು ಮರೆಯಲಾಗದು. ಪಕ್ಷಗಳ ಆದಾಯಕ್ಕೆ ತೆರಿಗೆಯ ವಿನಾಯಿತಿಯುಂಟು. ಅವುಗಳಿಗೆ ಹಣ ಕೊಟ್ಟವರಿಗೂ ಕೆಲವು ತೆರಿಗೆ ಪದ್ಧತಿಗಳಲ್ಲಿ ವಿನಾಯಿತಿಯುಂಟು. ಮಾನ್ಯತೆ ಪಡೆದ ಪಕ್ಷಗಳಿಗೆ ಆಕಾಶವಾಣಿ ಮತ್ತು ದೂರದರ್ಶನಗಳಲ್ಲಿ ಉಚಿತ ಕಾಲಾವಕಾಶ 1998ರಿಂದಲೂ ದೊರೆಯುತ್ತಿದೆ. ಎರಡು ಲಕ್ಷ ಮತದಾರರಿರುವ ಒಂದು ಕ್ಷೇತ್ರವನ್ನು ಊಹಿಸಿಕೊಳ್ಳಿರಿ. ಮೂವರು ಉಮೇದುವಾರರು ತಲಾ 40 ಲಕ್ಷ ರೂಪಾಯಿಗಳನ್ನು ಪೂರ್ತಿಯಾಗಿ ಬೊಕ್ಕಸದಿಂದಲೇ ಪಡೆದರೂ ಒಬ್ಬ ಮತದಾರನ ಪಾಲಿಗೆ ಬರುವುದು 60 ರೂಪಾಯಿ. ಐದು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 12 ರೂಪಾಯಿ. ಹೋಟೆಲಿನ ಒಂದು ಲೋಟ ಚಹಾದ ಬೆಲೆ. ಪ್ರತಿನಿಧಿಯು ಋಣಮುಕ್ತನಾಗುವುದಾದರೆ ಇದು ಹೆಚ್ಚಿನದೇ?

ಆದರೆ ಆಗುವನೇ ಎಂಬುದೇ ನಿಜವಾದ ಪ್ರಶ್ನೆ. ಅಮೆರಿಕೆಯಲ್ಲಿ ಅಧ್ಯಕ್ಷಪದವಿಯ ಉಮೇದುವಾರರಿಗೆ 1976ರಿಂದ ಬೊಕ್ಕಸದ ನೆರವು ದೊರೆಯತೊಡಗಿತು. ಅದನ್ನು ಪಡೆದವನು ವೆಚ್ಚದ ಮಿತಿಗೆ ಒಳಗಾಗತಕ್ಕದ್ದು. 2008ರಲ್ಲಿ ಬರಾಕ್ ಒಬಾಮ ಅವರು ಖಾಸಗಿ ದೇಣಿಗೆಯನ್ನೇ ನೆಚ್ಚಿ, ಸಾರ್ವತ್ರಿಕ ಚುನಾವಣೆಗೆ ಆ ನೆರವನ್ನೇ ಬೇಡವೆಂದರು. ಹೊರಗಿನ ಬಾಗಿಲು ತೆರೆದಿರುವಾಗ ಒಳಗಿನ ಬಾಗಿಲಿನಿಂದ ಬಡಿಸಿದ ಊಟವು ಉಪವಾಸ ನೀಗಿಸುವುದಿಲ್ಲ, ಹಸಿವನ್ನು ಮಾತ್ರ ಹೆಚ್ಚಿಸುತ್ತದೆ.

ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ ನೆನಪಾಗುತ್ತದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಮನೆಯೊಳಗೆ ಸೇರಿಸಲಿಲ್ಲ; ಹೆಚ್ಚಾದುದನ್ನು ಎತ್ತಿದಲ್ಲಿಯೇ ಸುರಿದು ಬರಲು ಗಂಡನನ್ನು ಕಳುಹಿಸಿದಳು. ಅಕ್ಕಿ ಕದ್ದದ್ದಲ್ಲ, ದಾಸೋಹಕ್ಕೇ ಸಲ್ಲತಕ್ಕದ್ದು. ಆದರೂ ಅವಳು ಒಪ್ಪಲಿಲ್ಲ. ಮಿತಿ ಮೀರಿದ ಸಂಗ್ರಹವು ಒಳ್ಳೆಯ ಉದ್ದೇಶವನ್ನೂ ಕೆಡಿಸುತ್ತದೆಯೆಂದು ಅವಳು ಬಲ್ಲವಳಾಗಿದ್ದಳು. ಜನಸೇವೆಗಾಗಿಯೇ ಹಣ ಕೂಡಿಸುತ್ತೇವೆನ್ನುವ ಪಕ್ಷಗಳಿಗೂ ಇದೇ ಉತ್ತರ. ಮೊದಲು ಮಿತಿ, ಅನಂತರ ನೆರವು. ಪಕ್ಷದ ವೆಚ್ಚಕ್ಕೂ ಮಿತಿ ಹಾಕದೆ ಬೊಕ್ಕಸವನ್ನು ತೆರೆದರೆ ಅದು ತುಂಬಿದ ಮೂಟೆಯ ಮೇಲೆ ಇನ್ನೊಂದು ಬೊಗಸೆ ಸುರಿದಂತಾದೀತು.

ಬೊಕ್ಕಸದ ಹಣಕ್ಕೂ ಒಂದು ಧರ್ಮವುಂಟು. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದವರು. ರಾಜಭಂಡಾರವನ್ನು ಜಂಗಮರಿಗೆ ವೆಚ್ಚಮಾಡಿದರೆಂಬ ದೂರು ಅವರ ಮೇಲೆ ಬಂದಾಗ ಲೆಕ್ಕವನ್ನು ಎಲ್ಲರೆದುರು ತೆರೆದಿಟ್ಟರೆಂದೂ ಒಂದು ಹಣವೂ ಕಡಿಮೆಯಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಭಂಡಾರವು ಭಂಡಾರಿಯದಲ್ಲ, ಅರಸನದೂ ಅಲ್ಲ ಎಂಬುದು ಅದರ ಮರ್ಮ. ಚುನಾವಣೆಗೆ ಬೊಕ್ಕಸದಿಂದ ನೆರವು ಕೊಡುವವರು ಅಧಿಕಾರದಲ್ಲಿರುವವರೇ ಆದುದರಿಂದ, ಅವರು ತಮ್ಮ ಪಾತ್ರೆಗೆ ಮೊದಲು ಬಡಿಸಿಕೊಳ್ಳುವ ಭಯವಿದ್ದೇ ಇದೆ. ಹಳೆಯ ಪಕ್ಷಗಳಿಗೆ ಮಾತ್ರ ನೆರವೆಂದರೆ ಹೊಸಬನೂ ಬಡವನೂ ಹೊಸ್ತಿಲ ಹೊರಗೇ ನಿಲ್ಲುವರು. ಪಂಕ್ತಿಭೇದವನ್ನು ಖಂಡಿಸಿದವರ ಹಾದಿಯಲ್ಲಿ ನಡೆಯುವ ನಾವು ಇದನ್ನು ಒಪ್ಪಲಾಗದು. ಇಂತಿಷ್ಟು ಮತದಾರರ ಬೆಂಬಲ ತೋರಿಸಿದ ಸ್ವತಂತ್ರ ಉಮೇದುವಾರನಿಗೂ ಪಾಲಿರಬೇಕು. ಹಂಚುವ ಸಟ್ಟುಗ ಸರಕಾರದ ಕೈಯಲ್ಲಲ್ಲದೆ ನಿಷ್ಪಕ್ಷಪಾತವಾದ ಆಯೋಗದ ಕೈಯಲ್ಲಿರಬೇಕು. ನೆರವು ಹಣವಾಗಿರದೆ ಕರಪತ್ರ, ಸಭಾಸ್ಥಳ, ಪ್ರಸಾರದ ಅವಕಾಶಗಳ ರೂಪದಲ್ಲಿರಬೇಕು.

ಹಾಗಾದರೆ ಬೊಕ್ಕಸವೊಂದೇ ದಾರಿಯೇ? ಅಲ್ಲ. 1952ರಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ನಿಂತಾಗ ಹಳ್ಳಿಯ ಗೇಣಿದಾರರ ಸಣ್ಣ ಸಣ್ಣ ಕಾಣಿಕೆಗಳೇ ಅವರ ಬಂಡವಾಳ. ಒಂದು ಓಟು, ಒಂದು ನೋಟು ಎಂಬುದು ಅವರ ಚುನಾವಣೆಗಳೊಡನೆ ಸೇರಿಹೋದ ಮಾತು. ಅವರೂ ಜನರ ಮನೆಯಲ್ಲಿ ಉಂಡವರೇ. ಆದರೆ ಸಾವಿರ ಮನೆಗಳಲ್ಲಿ ಒಂದೊಂದು ತುತ್ತು ಉಂಡವನು ಯಾವ ಒಂದು ಮನೆಗೂ ಅಡಿಯಾಳಲ್ಲ. ಇದು ದಾಸೋಹಕ್ಕೆ ಹತ್ತಿರವಾದ ಮಾರ್ಗ. ಕಾಯಕದಿಂದ ಬಂದುದರಲ್ಲಿ ಕೊಂಚವನ್ನು ಫಲಾಪೇಕ್ಷೆಯಿಲ್ಲದೆ ಕೊಡುವುದೇ ಅಲ್ಲವೇ ಅದರ ಲಕ್ಷಣ? ದೊಡ್ಡ ಕಾಣಿಕೆಗೆ ತಡೆಯೊಡ್ಡಿ, ಇಂತಹ ಸಣ್ಣ ಕಾಣಿಕೆಗಳಿಗೆ ಬೊಕ್ಕಸವು ಸಮನಾದ ಮೊತ್ತವನ್ನು ಸೇರಿಸುವುದಾದರೆ ನಾನು ಅದನ್ನು ಸಂತೋಷದಿಂದ ಒಪ್ಪುವೆನು. ಆಗ ತೆರಿಗೆಯ ಹಣ ಭಕ್ತನ ಕಾಣಿಕೆಯ ಹಿಂದೆ ನಡೆಯುವುದು, ಧನಿಕನ ಚೀಲದ ಹಿಂದೆಯಲ್ಲ.

ಆದುದರಿಂದ ಮುಂದೆ ಯಾವ ಉಮೇದುವಾರನೇ ಆಗಲಿ ನಮ್ಮ ಹೊಸ್ತಿಲಿಗೆ ಬಂದಾಗ ಮೂರು ಮಾತು ಕೇಳೋಣ. ನಿಮ್ಮ ಪಕ್ಷದ ವೆಚ್ಚಕ್ಕೆ ಮಿತಿ ಹಾಕುವ ಕಾಯಿದೆಗೆ ನೀವು ಕೈಯೆತ್ತುವಿರಾ? ನಿಮಗೆ ಹಣ ಕೊಟ್ಟವರ ಹೆಸರನ್ನು ಚುನಾವಣೆಗೆ ಮುನ್ನವೇ ಹೇಳುವಿರಾ? ಬೊಕ್ಕಸದ ನೆರವು ಬಂದರೆ ನಿಮ್ಮ ಎದುರಾಳಿಯಾದ ಬಡವನಿಗೂ ಅದು ಸಲ್ಲಲೆಂದು ಒಪ್ಪುವಿರಾ?

ಕೇಳುವ ಬಾಯಿ ಮಾತ್ರ ಶುದ್ಧವಾಗಿರಬೇಕು. ಮತಕ್ಕಾಗಿ ಹಣ ಕೊಡುವುದು ಅಪರಾಧವಾಗಿರುವಂತೆ ತೆಗೆದುಕೊಳ್ಳುವುದೂ ಅಪರಾಧವೇ. ಲಕೋಟೆ ಪಡೆದವನು ಉಮೇದುವಾರನ ಲೆಕ್ಕ ಕೇಳಲಾರ. ಅವನೂ ಉಂಡ ಮನೆಯ ಜಂತೆ ಎಣಿಸಲಾರದವನೇ.

ಕಾಟಿಪಳ್ಳದ ಆ ಗೃಹಸ್ಥರನ್ನು, "ಕೊನೆಗೆ ಆ ಹಣವೇನಾಯಿತು?" ಎಂದು ಕೇಳಿದೆ. ಅವರು ತಲೆ ತಗ್ಗಿಸಿ, "ಬೆಳಗಾಗುವುದರೊಳಗೆ ಕೊಟ್ಟವನ ಕೈಗೇ ಹಿಂದಿರುಗಿಸಿ ಬಂದೆ, ಗುರುಗಳೇ. ಆಕೆ ಅದುವರೆಗೆ ಒಲೆ ಹಚ್ಚಲಿಲ್ಲ" ಎಂದರು. ಕಾಯಿದೆಗಳು ಬರಲಿ, ಬೊಕ್ಕಸವೂ ಧರ್ಮದಿಂದ ತೆರೆಯಲಿ. ಅವು ಬರುವ ಮುನ್ನ ನಮ್ಮ ನಮ್ಮ ಮನೆಗಳ ಒಲೆಯ ಮುಂದೆ ಆ ಪ್ರಶ್ನೆ ಏಳಲಿ: ಇದು ಯಾವ ಕಾಯಕದ ಹಣ?